ಎಳೆದ ಹೆಜ್ಜೆ

ರೆನಾರ್ಡ್‌ನ ಹೆಣದ ಮುಂದೆ ಯಾರು ನಡೆಯುತ್ತಾರೆ ಎಂದು ಮೊದಲು ಕೇಳಿದವರು ನನ್ನ ಅತ್ತೆ ಯೂಲಾಲಿ. ನನ್ನ ಗಂಡನ ಕೈ ಆಗಿನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

"ಆಲ್ಸೀನೇ ನಡೀಬೇಕು," ಅಂದರು. "ಒಡಹುಟ್ಟಿದ ಅಣ್ಣ ಗುಂಡುಕಲ್ಲಿನ ಹಾಗೆ ಇರುವಾಗ ಬೇರೆಯವರನ್ನ ಯಾಕೆ ಕರೀಬೇಕು? ನೀನು ಹೋಗಿ ಹೇಳು ಲೂಸಿಲ್. ನನ್ನ ಮಾತು ಅವನು ಕೇಳಲ್ಲ. ನೀನು ಓದಿದವಳು."

ನಮ್ಮ ಟ್ರೆಮೆ ಕೇರಿಯಲ್ಲಿ ಸತ್ತವರು ವಾದ್ಯದ ಜೊತೆ ಹೋಗುತ್ತಾರೆ. ಎಲ್ಲರಿಗಿಂತ ಮುಂದೆ ಒಬ್ಬನೇ ಒಬ್ಬ, ಕಪ್ಪು ಕೋಟು ತೊಟ್ಟು, ಹ್ಯಾಟನ್ನು ಎದೆಗೆ ಒತ್ತಿಕೊಂಡು, ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಎಳೆಯುತ್ತ ನಡೆಯುತ್ತಾನೆ. ಅವನ ಹಿಂದೆ ಬ್ಯಾಂಡು, ಅದರ ಹಿಂದೆ ಹೆಣದ ಗಾಡಿ, ಮನೆಯವರು, ಕೊನೆಯಲ್ಲಿ ಬೀದಿಯ ಜನ. ಮುಂದೆ ನಡೆಯುವವನಿಲ್ಲದೆ ಹೋದ ಹೆಣವನ್ನು ಜನ ಬಹಳ ಕಾಲ ನೆನಪಿಡುತ್ತಾರೆ. ಒಳ್ಳೆಯ ಮಾತಿನಲ್ಲಲ್ಲ.

ಆಲ್ಸೀಯಂತೆ ನಡೆಯುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಹರೆಯದಲ್ಲಿ ಬಾಳೆಹಣ್ಣಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡುವಾಗ ಕೊಕ್ಕೆಯಿಂದ ಜಾರಿದ ಹೊರೆ ಅವನ ಎಡಗಾಲನ್ನು ಜಜ್ಜಿತ್ತು. ವಾರವೆಲ್ಲ ಅವನನ್ನು ಕುಂಟ ಎಂದು ಕರೆದವರೇ ಹೆಣದ ಮುಂದೆ ಅವನು ಬರುವಾಗ ಮನೆಯ ಮೆಟ್ಟಿಲ ಮೇಲೆ ಎದ್ದು ನಿಲ್ಲುತ್ತಿದ್ದರು. ಬೇರೆಯವರು ಕಲಿತು ಎಳೆಯುವ ಹೆಜ್ಜೆ ಅವನಿಗೆ ಮೈಯಲ್ಲೇ ಇತ್ತು.

ಆದರೆ ಅವನು ಹೆಣದ ಮುಂದೆ ನಡೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಯಾಕೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ರೆನಾರ್ಡ್ ಬಾರಿಸಿದ ಆ ಹಾಡು.

ಅದು ಹುಟ್ಟಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೊ. ಸೋಮವಾರವಾದ್ದರಿಂದ ನಮ್ಮೂರ ವಾಡಿಕೆಯಂತೆ ಕೆಂಪು ಬೀನ್ಸ್ ಮತ್ತು ಅನ್ನ ಕಟ್ಟಿಕೊಂಡು ಹೋಗಿದ್ದೆ. ಗೋಡೆಗೆ ಹಾಸಿಗೆಯ ಬಿಳಿ ಬಟ್ಟೆಯನ್ನು ಮೊಳೆ ಹೊಡೆದು ಕಟ್ಟಿ ಅದರ ಮೇಲೆ ಸಿನಿಮಾದ ಒಂದು ತುಣುಕನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು. ದನಿಯಿಲ್ಲ. 'ರಾಂಪಾರ್ಟ್ ರೆಡ್' ಎಂಬ ಸಿನಿಮಾ. ಉದ್ದ ಚರ್ಮದ ಕೋಟು ತೊಟ್ಟ ನಾಯಕ ರೆಡ್ ನಮ್ಮದೇ ಬೀದಿಯಲ್ಲಿ ನಡೆದು ಬರುತ್ತಾನೆ, ಅಷ್ಟೆ. ಆ ನಡಿಗೆಗೆ ಹಾಡು ಬೇಕು. ಕಾಗದದ ಮೇಲೆ ಏನೂ ಬರೆದಿರಲಿಲ್ಲ. ನಮ್ಮವರು ಬರೆದುಕೊಂಡು ಮಾಡುವವರಲ್ಲ. ಡ್ರಮ್ಮಿನ ತಾಳ ಸಿಕ್ಕಿದರೆ ಉಳಿದದ್ದು ಸಿಗುತ್ತದೆ ಎಂದು ಎಲ್ಲರೂ ಡ್ರಮ್ಮಿನ ಮುಂದಿದ್ದ ರೆನಾರ್ಡ್‌ನನ್ನು ನೋಡುತ್ತ ಕೂತಿದ್ದರು.

ತಂಡದ ಯಜಮಾನ ಕ್ಲೋವಿಸ್. ಆರ್ಗನ್ ನುಡಿಸುತ್ತಿದ್ದ. ಅವನು ಕೈಯೆತ್ತಿ ನಿಲ್ಲಿಸಿದ.

"ಏನಪ್ಪಾ ಇದು? ನಿನ್ನ ತಾಳಕ್ಕೆ ಅವ್ನು ಬಸ್ ತಪ್ಪಿಸ್ಕೊಂಡವನ ಥರ ಓಡ್ತಿದಾನೆ. ಬೀದಿ ಯಜಮಾನ ಕಣೋ ಅವ್ನು!"

"ಅವ್ನು ನಡೆಯೋದೇ ಹಾಗೆ," ಅಂದ ರೆನಾರ್ಡ್. "ಹಾಲಿವುಡ್ ಕಾಲು. ನಾನೇನ್ ಮಾಡ್ಲಿ, ಹೋಗಿ ತಿದ್ದಲಾ?"

"ಹಂಗಾದ್ರೆ ಅವನ ಕಾಲು ನೋಡ್ಬೇಡ. ಯಾರ ಕಾಲು ಬೇಕೋ ಅದನ್ನ ನೋಡು."

ರೆನಾರ್ಡ್ ಕಣ್ಣು ಮುಚ್ಚಿದ. ಡ್ರಮ್ಮಿನಲ್ಲಿ ಬಲಗಾಲಿನ ಹೆಜ್ಜೆ ಗಟ್ಟಿಯಾಗಿ ಬಿತ್ತು. ಎಡದ್ದು ಬರಬೇಕಾದಾಗ ಬರಲಿಲ್ಲ. ಕೂದಲೆಳೆಯಷ್ಟು ತಡವಾಗಿ, ನೆಲ ಸವರಿಕೊಂಡು ಬಂತು. ಗಿಟಾರಿನವನು ಬೀನ್ಸಿನ ತಟ್ಟೆ ಕೆಳಗಿಟ್ಟ. ದನಿ ಬದಲಿಸುವ ಪೆಡಲಿನ ಮೇಲೆ ಕಾಲಿಟ್ಟು ತಂತಿಯನ್ನು ಬಾತುಕೋಳಿಯಂತೆ ಕೂಗಿಸುತ್ತ ಆ ತಡದ ಸಂದಿಗೆ ನುಗ್ಗಿದ. ಆಮೇಲೆ ಬೇಸ್, ಆಮೇಲೆ ಕೊಂಬುಗಳು. ಬಟ್ಟೆಯ ಮೇಲಿನ ರೆಡ್ ಅದೇ ಹಳೆಯ ಕಾಲಿನಲ್ಲೇ ನಡೆಯುತ್ತಿದ್ದ. ಆದರೂ ಬೀದಿ ಈಗ ಅವನದಾಗಿತ್ತು.

ಮನೆಗೆ ಬರುವಾಗ ರೆನಾರ್ಡ್ ಕೇಳಿದ: "ಯಾರ ಹೆಜ್ಜೆ ಗೊತ್ತಾಯ್ತಾ?"

"ಆಲ್ಸೀದು."

"ಅವನಿಗೆ ಹೇಳ್ಬೇಡ."

ಆ ಹಾಡು ಎಲ್ಲಿಗೆಲ್ಲ ಹೋಯಿತು ಎಂದು ನಾನು ಹೇಳಬೇಕಿಲ್ಲ. ಸಿನಿಮಾದವರು ಚಿತ್ರವನ್ನೇ ಮತ್ತೆ ಕತ್ತರಿಸಿ ಹಾಡಿಗೆ ಹೊಂದಿಸಿದರು. ನಾಯಕನ ಪಾತ್ರದವನು ಆ ನಡಿಗೆ ಕಲಿತು, ಮೊದಲ ಆಟದ ದಿನ ವೇದಿಕೆಯ ಮೇಲೆ ನಡೆದು ತೋರಿಸಿದ. ಆಮೇಲೆ ದೇಶದ ಹುಡುಗರೆಲ್ಲ ಎಡಗಾಲು ಎಳೆದರು. ನಾನು ಪಾಠ ಹೇಳುವ ಶಾಲೆಯ ಮೈದಾನದಲ್ಲಿ ಎಳೆದರು. ಹಾಡು ಮೊದಲಾಗುತ್ತಲೇ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಫಂಕ್ ಸಂಗೀತ ಎಂದರೆ ಏನು ಎಂದು ಕೇಳಿದವರಿಗೆ ಆ ಹಾಡಿನ ಮೊದಲ ಭಾಗ ಹಾಕಿ ತೋರಿಸುತ್ತಿದ್ದರು. ನಮ್ಮ ಮನೆ ನಿಂತಿರುವುದು ಅದರ ದುಡ್ಡಿನ ಮೇಲೆ.

ಮನೆಯಲ್ಲಿ ಮಾತ್ರ ರೆನಾರ್ಡ್ ಅದನ್ನು ಕೇಳುತ್ತಿರಲಿಲ್ಲ. ರೇಡಿಯೊದಲ್ಲಿ ಬಂದರೆ ಎದ್ದು ತಿರುಗಣೆ ತಿರುಗಿಸುತ್ತಿದ್ದ. ಅಣ್ಣನ ಕಾಲನ್ನು ಊರಿಗೆ ಆಟದ ಸಾಮಾನು ಮಾಡಿ ಕೊಟ್ಟೆ ಎಂಬ ನೋವಿರಬೇಕು ಎಂದುಕೊಂಡಿದ್ದೆ. ನಾನು ಕೇಳಲಿಲ್ಲ. ಅವನು ಹೊರಗೆ ಹೋದ ಮೇಲೆ ತಿರುಗಣೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ. ನನಗೆ ಆ ಹಾಡು ಇಷ್ಟ.

ಸತ್ತ ದಿನ, ಮಂಗಳವಾರ, ಅವನು ಹಿಂದಿನ ದಿನದ ಬೀನ್ಸನ್ನು ಬಿಸಿಗಿಟ್ಟು, ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಮತ್ತೆ ಏಳಲಿಲ್ಲ. ತಲೆಯೊಳಗಿನ ನರ ಒಡೆದಿತ್ತು ಎಂದರು. ಅಂದಿನಿಂದ ರೇಡಿಯೊದವರು ಅವನ ಗೌರವಕ್ಕೆಂದು ಆ ಹಾಡನ್ನೇ ಹಾಕುತ್ತಿದ್ದರು. ಬಂದವರು ಅಡುಗೆಮನೆ ತುಂಬ ತಿಂಡಿಯ ಪಾತ್ರೆ ಇಟ್ಟು, ನನ್ನ ಭುಜ ತಟ್ಟಿ ಏನೋ ಹೇಳುತ್ತಿದ್ದರು. ಯಾವುದೂ ನನ್ನನ್ನು ಮುಟ್ಟಲಿಲ್ಲ. ಆ ತಡವಾದ ಹೆಜ್ಜೆ ಮಾತ್ರ ಪ್ರತಿ ಸಲ ಮುಟ್ಟಿತು. ಗಂಡ ಸತ್ತ ಮನೆಯಲ್ಲಿ ನಾನು ಮುಂದಿನ ಸಲ ಹಾಡು ಯಾವಾಗ ಬರುತ್ತದೆ ಎಂದು ಕಾಯುತ್ತ ಕೂತಿದ್ದೆ. ಅಳುತ್ತಿದ್ದಾಳೆ ಎಂದು ಜನ ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದರು.

ಆಲ್ಸೀ ಈಗ ಒಂದು ಹೋಟೆಲಿನ ಕಟ್ಟೆಯ ಹಿಂದೆ ನಿಂತು ತಿನ್ನುವ ಸಿಂಪಿ ಒಡೆದು ಕೊಡುತ್ತಾನೆ. ನಾನು ಹೋದಾಗ ಬೆಳಗಿನ ಗಿರಾಕಿಗಳು ಇಬ್ಬರೋ ಮೂವರೋ ಇದ್ದರು. ನನ್ನನ್ನು ನೋಡಿ ಅವನು ಚಾಕು ನಿಲ್ಲಿಸಲಿಲ್ಲ.

"ಟೀಚರ್ ಬಂದ್ರು. ಎಲ್ರೂ ನೆಟ್ಟಗೆ ಕೂತ್ಕೊಳ್ರಪ್ಪ." ಆಮೇಲೆ ಒಂದು ಸಿಂಪಿಯನ್ನು ನನ್ನ ಮುಂದೆ ತಳ್ಳಿದ. "ತಿನ್ನು. ಏನೂ ತಿಂದಿಲ್ಲ ಅಂತ ನಿನ್ನ ಮುಖವೇ ಚಾಡಿ ಹೇಳ್ತಿದೆ."

"ಬೇಡ ಆಲ್ಸೀ."

"ಅಮ್ಮ ಕಳಿಸಿದ್ಲಾ?"

"ಹೂಂ. ಶನಿವಾರ ನೀನು ನಡೀಬೇಕಂತೆ."

"ಆಗಲ್ಲ ಅಂತ ಹೇಳು."

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತನ್ನು ನಾನು ಹೇಳಿದೆ. "ರೆನಾರ್ಡ್ ಮಾಡಿದ್ದು ತಪ್ಪು. ನಿನ್ನ ಕಾಲನ್ನ ಊರೆಲ್ಲ ಅಣಕಿಸೋ ಹಾಗೆ ಮಾಡ್ದ. ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಅವನು ನನ್ನನ್ನು ನೋಡಿ ನಕ್ಕುಬಿಟ್ಟ.

"ನನ್ನ ಕಾಲಾ? ಏ ಹುಚ್ಚಿ, ಆ ಸಿನಿಮಾನ ಥಿಯೇಟರ್‌ನಿಂದ ಕಿತ್ತು ಹಾಕೋವರೆಗೂ ನೋಡಿದೀನಿ ನಾನು! ಮೊದಲನೇ ದಿನವೇ ಗೊತ್ತಾಯ್ತು. ಕತ್ತಲಲ್ಲಿ ಕೂತು ಅತ್ಬಿಟ್ಟೆ, ಖುಷಿಗೆ. ಎರಡು ಕಾಲೂ ನೆಟ್ಟಗಿರೋ ಗಂಡಸ್ರು ನ್ಯೂಯಾರ್ಕಲ್ಲಿ ಕನ್ನಡಿ ಮುಂದೆ ನಿಂತು ಕುಂಟೋದು ಕಲೀತಿದಾರೆ. ನಾನು ಬಿಟ್ಟಿ ಕುಂಟ್ತೀನಿ. ಯಾರಿಗುಂಟು ಯಾರಿಗಿಲ್ಲ?"

ಕಟ್ಟೆಯ ಕೊನೆಯಲ್ಲಿ ಕೂತಿದ್ದವನು ಕೂಗಿದ: "ಹೌದ್ ಹೌದು, ನಮಗೂ ಅದನ್ನೇ ಕೊಚ್ಕೊತಾನೆ ದಿನಾ."

"ನೀನು ಸಾಸ್ ಹಾಕ್ಕೊಂಡು ತಿನ್ನಪ್ಪ, ಬಾಯಿ ಮುಚ್ಕೊಂಡು."

"ಮತ್ತೆ ನಡೆಯೋದು ಯಾಕೆ ಬಿಟ್ಟೆ?" ಅಂದೆ.

ಚಾಕು ನಿಂತಿತು. "ರೆನಾರ್ಡ್ ಹೇಳಿಲ್ವಾ?"

"ಇಲ್ಲ."

ಅವನು ಕೈ ಒರೆಸಿಕೊಂಡು ನನ್ನನ್ನು ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದ. ಚಿಪ್ಪಿನ ರಾಶಿಯ ಪಕ್ಕದಲ್ಲಿ ನಿಂತು ಹೇಳಿದ.

ಅನಾಟೋಲ್ ಫಾವ್ರೊ ಸತ್ತಾಗ ನಡೆದದ್ದು. ರೆನಾರ್ಡ್‌ಗೆ ಚಿಕ್ಕಂದಿನಲ್ಲಿ ಡ್ರಮ್ ಕಲಿಸಿದವರು ಅವರು. ಕುರ್ಚಿಯ ಕಾಲು ಕೆತ್ತಿ ಕೋಲು ಮಾಡಿಕೊಟ್ಟವರು. ಗುರುವಿಗೆ ಬಾರಿಸಲೇಬೇಕೆಂದು ರೆನಾರ್ಡ್ ಲಾಸ್ ಏಂಜಲೀಸಿನ ಕೆಲಸ ಬಿಟ್ಟು ಬಂದಿದ್ದ. ಆ ದಿನ ನಾನು ಶಾಲೆಯಲ್ಲಿದ್ದೆ. ಮುಂದೆ ಆಲ್ಸೀ. ಅವನ ಬೆನ್ನಿಗೆ ಬ್ಯಾಂಡಿನಲ್ಲಿ ರೆನಾರ್ಡ್. ಸದ್ದು ಮಂಕಾಗಲೆಂದು ಡ್ರಮ್ಮಿನ ಅಡಿಯ ತಂತಿಗೆ ಕರವಸ್ತ್ರ ಸಿಕ್ಕಿಸಿದ್ದ. ಹೆಣ ಮಣ್ಣು ಸೇರುವವರೆಗೆ ಅದನ್ನು ತೆಗೆಯುವಂತಿಲ್ಲ.

"ಹಿಂದಿನಿಂದ ನನ್ನ ಕಾಲನ್ನೇ ನೋಡ್ತಾ ಬಾರಿಸ್ತಿದ್ದ," ಅಂದ ಆಲ್ಸೀ. "ಅರ್ಧ ದಾರೀಲಿ, ಲಾಂಡ್ರಿ ಅಂಗಡಿ ಮೂಲೆಗೆ ಬಂದ್ವಿ. ನೋಡ್ತಾ ನೋಡ್ತಾ ಕೈ ಜಾರ್ತು. ದೇವರ ಹಾಡಿನ ಒಳಗಡೆಯಿಂದಾನೇ ಆ ಹಾಡು ಎದ್ದು ಬಂತು. ಅವನಿಗೇ ಗೊತ್ತಾಗ್ಲಿಲ್ಲ ಟೀಚರ್. ಎಷ್ಟು ಊರಲ್ಲಿ ಬಾರಿಸಿದ ಕೈ ಅದು. ದೊಡ್ಡ ಡ್ರಮ್ಮಿನವನೂ ಅದೇ ತಾಳ ಹಿಡಿದ. ಅಷ್ಟೇ ಸಾಕಾಯ್ತು. ಹಿಂದಿನ ಜನ 'ರೆಡ್! ರೆಡ್!' ಅಂತ ಕೂಗಿ, ಕಾಲು ಎಳೀತಾ ಕುಣಿಯಕ್ಕೆ ಶುರು ಮಾಡಿದ್ರು. ಅನಾಟೋಲ್ ಇನ್ನೂ ಗಾಡೀಲಿದಾರೆ. ಇನ್ನೂ ಮಣ್ಣಾಗಿಲ್ಲ."

"ಆಮೇಲೆ?"

"ತಿರುಗಿ ನೋಡ್ದೆ. ಅವರ ಹೆಂಡ್ತಿ ಮಿಸ್ ಓರ್ಟೆನ್ಸ್ ಮುಖದ ಪರದೆ ಎತ್ತಿದ್ರು. ನೋಡಿದ್ದು ರೆನಾರ್ಡ್‌ನ ಅಲ್ಲ. ನನ್ನ." ಅವನು ಚಿಪ್ಪಿನ ರಾಶಿಯನ್ನು ಕಾಲಿನಿಂದ ಸರಿಸಿದ. "ನಾನು ಹ್ಯಾಟ್ ಹಾಕ್ಕೊಂಡೆ. ಹೊರಟೋದೆ."

ಹೆಣವನ್ನು ಗೋರಿಗೆ ಬಿಡುವವರೆಗೆ ಹ್ಯಾಟು ಎದೆಯ ಮೇಲಿರಬೇಕು. ತಲೆಗೇರಿದರೆ ಎಲ್ಲ ಮುಗಿಯಿತು ಎಂದರ್ಥ.

"ರೆನಾರ್ಡ್‌ದು ಕೈತಪ್ಪು," ಅಂದ. "ನಾನು ತಿಳಿದೂ ತಿಳಿದೂ ಹೋದೆ. ಸಿಟ್ಟಿಗೆ. ಅನಾಟೋಲ್ ಅರ್ಧ ದಾರಿ ಮುಂದೆ ಯಾರೂ ಇಲ್ದೆ ಹೋದ್ರು. ಆವತ್ತಿಂದ ಎಷ್ಟು ಜನ ಬಂದು ಕರೆದ್ರು, ಎಲ್ರಿಗೂ ಇಲ್ಲ ಅಂದೆ. ಈಗ ಸತ್ತಿರೋನು ನನ್ನ ತಮ್ಮ ಅಂತ ಹೋಗಿ ನಿಂತ್ಕೊಂಡ್ರೆ, ಮಿಸ್ ಓರ್ಟೆನ್ಸ್ ಏನ್ ಅಂದ್ಕೊತಾರೆ? ಊರವರ ಹೆಣಕ್ಕೆ ಒಂದು, ನನ್ನ ಮನೆ ಹೆಣಕ್ಕೆ ಒಂದು ನ್ಯಾಯ ಅಂತ ಉಂಟಾ?"

ಶಾಲೆಯಿಂದ ಬಂದ ಆ ಸಂಜೆ ನನಗೆ ನೆನಪಾಯಿತು. ರೆನಾರ್ಡ್ ಬೇಗ ಮನೆಗೆ ಬಂದಿದ್ದ. ಡ್ರಮ್ಮನ್ನು ಮಂಚದ ಕೆಳಗೆ ತಳ್ಳಿದ್ದ. ಕರವಸ್ತ್ರ ಅದರಲ್ಲೇ ಇತ್ತು. ಹೇಗಾಯಿತು ಎಂದು ಕೇಳಿದ್ದಕ್ಕೆ, ಬಿಸಿಲಿತ್ತು ಎಂದಿದ್ದ.

ಅತ್ತೆಗೆ ಏನೂ ಹೇಳದೆ ನಾನು ನೇರ ಮಿಸ್ ಓರ್ಟೆನ್ಸ್ ಮನೆಗೆ ಹೋದೆ. ಅವರು ಮುಂದಿನ ಜಗಲಿಯಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದರು. ಸಣ್ಣ ಹೆಂಗಸು. ಮದುವೆಯಾದವರನ್ನೂ ನಮ್ಮಲ್ಲಿ ಗೌರವಕ್ಕೆ ಮಿಸ್ ಎಂದೇ ಕರೆಯುವುದು. ಕುರ್ಚಿಯಲ್ಲಿ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

"ನೀನು ಆ ಡ್ರಮ್ಮಿನವನ ಹೆಂಡ್ತಿ."

"ಹೌದು ಮಿಸ್ ಓರ್ಟೆನ್ಸ್."

"ಗಂಡನಿಗೆ ಅತ್ತ್ಯಾ?"

"ಇಲ್ಲ."

"ನಾನೂ ಅಳ್ಲಿಲ್ಲ." ಚಾಕು ಕಟಕಟ ಎಂದಿತು. "ಅಳ್ಬೇಕು ಅಂತಲೇ ಹೊರಟಿದ್ದೆ. ಒಳ್ಳೇ ಕರವಸ್ತ್ರ ಇಸ್ತ್ರಿ ಮಾಡಿ ಇಟ್ಕೊಂಡಿದ್ದೆ. ಲಾಂಡ್ರಿ ಮೂಲೇಲಿ ನಿನ್ನ ಗಂಡ ನನ್ನ ಅಳು ನುಂಗ್ಬಿಟ್ಟ. ಆಮೇಲೆ ಅದು ಬರ್ಲೇ ಇಲ್ಲ. ಅಂಗಡೀಲಿ, ಬಸ್ಸಲ್ಲಿ, ಎಲ್ಲಿ ಹೋದ್ರೂ ಆ ಹಾಡು. ನಮ್ಮ ಮೊಮ್ಮಗಳು ಅದಕ್ಕೆ ಕುಣೀತಾಳೆ. ಬೇಡ ಅಂತ ಹೆಂಗ್ ಹೇಳ್ಲಿ ಅದಕ್ಕೆ?"

ನಾನು ನಿಂತೇ ಇದ್ದೆ. ಕೂತುಕೋ ಎಂದು ಅವರೂ ಹೇಳಲಿಲ್ಲ.

"ಆಲ್ಸೀಗೆ ನೀವು ಒಂದು ಮಾತು ಹೇಳಿದ್ರೆ..." ಅಂದೆ.

"ಕ್ಷಮಿಸಿದೆ ಅಂತಾನಾ? ಹೇಳಲ್ಲ. ಸುಳ್ಳಾಗುತ್ತೆ. ಈ ವಯಸ್ಸಲ್ಲಿ ಸುಳ್ಳು ಹೇಳಿ ಯಾರಿಗೆ ಉತ್ತರ ಕೊಡ್ಲಿ?"

ನಾನು ಹೊರಡಲು ತಿರುಗಿದೆ. ಗೇಟಿನವರೆಗೆ ಹೋಗಿರಬೇಕು.

"ಏ ಹುಡುಗಿ! ಅಷ್ಟಕ್ಕೇ ಹೊರಟ್ಯಾ? ಈಗಿನವರಿಗೆ ಬೇಡೋದಕ್ಕೂ ಬರಲ್ಲ." ಅವರು ಚಾಕುವನ್ನು ನನ್ನತ್ತ ತೋರಿಸಿದರು. "ಕೇಳು. ಅನಾಟೋಲ್‌ನ ಮುಂದೆ ಅವನು ಅರ್ಧ ದಾರಿ ನಡೆದ, ಅರ್ಧ ಬಿಟ್ಟ. ಬಿಟ್ಟ ಅರ್ಧ ನನಗೆ ಬೇಕು. ಲಾಂಡ್ರಿ ಮೂಲೆಯಿಂದ ಸ್ಮಶಾನದವರೆಗೆ. ಶನಿವಾರ ಅಲ್ಲಿಂದ ನಡೀಲಿ. ಅದಕ್ಕಿಂತ ಮುಂಚೆ ಒಂದು ಹೆಜ್ಜೇನೂ ಬೇಡ."

"ಅಂದ್ರೆ ಚರ್ಚಿಂದ ಅಲ್ಲೀವರೆಗೆ..."

"ನಿನ್ನ ಗಂಡ ಒಬ್ಬನೇ ಬರ್ಲಿ. ನನ್ನ ಗಂಡ ಹೋಗ್ಲಿಲ್ವಾ?"

ಒಪ್ಪಿದೆ. ಯಾರನ್ನೂ ಕೇಳಲಿಲ್ಲ. ಒಪ್ಪಿದ ಮೇಲೆ, ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ನಾನು ಏನು ಒಪ್ಪಿದೆ ಎಂಬುದು ಗೊತ್ತಾಯಿತು. ಸತ್ತು ಬಾಯಿಲ್ಲದ ರೆನಾರ್ಡ್ ಮೇಲೆ ಅವನ ಕೈತಪ್ಪಿನ ದಂಡವನ್ನು ಹೊರಿಸಿ ಬಂದಿದ್ದೆ.

ದಾರಿಯಲ್ಲಿ ಆಲ್ಸೀಗೆ ಹೇಳಿ, ಮನೆಗೆ ಬಂದು ತಿಳಿಸಿದಾಗ ಅತ್ತೆ ಕೈಯಲ್ಲಿದ್ದ ಹ್ಯಾಂಗರನ್ನು ಎಸೆದರು. ರೆನಾರ್ಡ್‌ನ ಕೊನೆಯ ಕೋಟು ಅದರಲ್ಲಿತ್ತು.

"ನನ್ನ ಮಗ ದಿಕ್ಕಿಲ್ಲದವನ ಥರ ಹೋಗ್ಬೇಕಾ? ಊರೆಲ್ಲ ನೋಡ್ತಾ ಇರೋವಾಗ? ಇದಕ್ಕೇನಾ ನಿನ್ನ ಕಳಿಸಿದ್ದು?"

"ಅರ್ಧ ದಾರಿ, ಅತ್ತೆ."

"ಅರ್ಧ ದಾರಿಯಂತೆ! ನಿನ್ನ ಹೊಟ್ಟೇಲಿ ಹುಟ್ಟಿದ್ದಿದ್ರೆ ಹೇಳ್ತಿದ್ಯಾ ಈ ಮಾತು?"

ನಾನು ಕೋಟು ಎತ್ತಿ ಧೂಳು ಕೊಡವಿದೆ. ಅವರೇ ಬಂದು ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು, ಗುಂಡಿಗಳನ್ನು ಒಂದೊಂದಾಗಿ ಹಾಕಿದರು.

ಶನಿವಾರ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹಾಡಿನಿಂದಾಗಿ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಬಂದವರಲ್ಲಿ ಕೆಲವರು ಉದ್ದ ಚರ್ಮದ ಕೋಟು ತೊಟ್ಟು ಬೆವರುತ್ತ ನಿಂತಿದ್ದರು. ಚರ್ಚಿನ ಬಾಗಿಲಿನಿಂದ ಬ್ಯಾಂಡು ಹೊರಟಿತು. ಅದರ ಮುಂದೆ ಬರೀ ರಸ್ತೆ.

ಅಷ್ಟು ಖಾಲಿ ರಸ್ತೆಯನ್ನು ನಾನು ನೋಡಿರಲಿಲ್ಲ. ಮೆಟ್ಟಿಲ ಮೇಲಿನ ಹೆಂಗಸರು ಎದ್ದು ನಿಂತರು, ನೋಡಿದರು, ಮತ್ತೆ ಕೂತರು.

"ಮುಂದೆ ಯಾರೂ ಇಲ್ವಲ್ಲೇ?"

"ಕರೀಲಿಲ್ಲವೇನೋ."

"ಹಾಡು ಮಾಡಿದವನಿಗೆ ಇಷ್ಟೇನಾ? ಹೆಂಡ್ತಿ ಓದಿದವಳಂತೆ. ಅವಳಿಗೇನ್ ಗೊತ್ತು ನಮ್ಮದೆಲ್ಲ."

ಅತ್ತೆ ನನ್ನ ತೋಳನ್ನು ಹಿಡಿದಿದ್ದರು. ಪ್ರತಿ ಮಾತಿಗೂ ಅವರ ಉಗುರು ನಾಟಿತು. ತೋಳು ನೋಯಲಿಲ್ಲ. ಗಾಡಿಯ ಹಿಂದಿನ ಗಾಜಿನಲ್ಲಿ ಪೆಟ್ಟಿಗೆಯ ಅಂಚು ಕಾಣುತ್ತಿತ್ತು. ಇದನ್ನು ನಿನಗೆ ಮಾಡಿದವಳು ನಾನು ಎಂದು ಆ ಅಂಚಿಗೆ ಹೇಳುತ್ತ ನಡೆದೆ.

ಲಾಂಡ್ರಿ ಮೂಲೆಯಲ್ಲಿ ಆಲ್ಸೀ ನಿಂತಿದ್ದ. ಹಳೆಯ ಕಪ್ಪು ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಹ್ಯಾಟು ಎದೆಯ ಮೇಲಿತ್ತು. ಅವನ ಪಕ್ಕದಲ್ಲಿ ಅವನ ಮೊಣಕೈಯಷ್ಟು ಎತ್ತರದ ಮಿಸ್ ಓರ್ಟೆನ್ಸ್, ಮುಖಕ್ಕೆ ಕಪ್ಪು ಪರದೆ, ಕೈಯಲ್ಲಿ ಮಡಿಸಿದ ಕೊಡೆ. ಬ್ಯಾಂಡು ಹತ್ತಿರ ಬಂದಾಗ ಅವನು ಅವರನ್ನು ನೋಡಿದ. ಅವರು ಕೊಡೆಯ ತುದಿಯಿಂದ ರಸ್ತೆಯನ್ನು ತೋರಿಸಿದರು.

ಅವನು ಮುಂದೆ ಬಂದು ನಿಂತ. ಹೊರಡುವ ಮೊದಲು ಡ್ರಮ್ಮಿನವರತ್ತ ತಿರುಗಿ ಅಂಗೈ ತೋರಿಸಿದ. ಇಬ್ಬರೂ ಕೋಲು ಕೆಳಗಿಳಿಸಿದರು. ಕೊಂಬುಗಳು ಮಾತ್ರ, ಅದೂ ಮೆಲ್ಲಗೆ.

ಆಲ್ಸೀ ಬಲಗಾಲು ಇಟ್ಟ. ಕಾದ. ಎಡಗಾಲು ನೆಲ ಸವರಿಕೊಂಡು ಬಂತು.

ತಾಳ ಹಿಡಿಯಲು ಬೇರೇನೂ ಇಲ್ಲದ್ದರಿಂದ ಎಲ್ಲರ ಕಿವಿಯೂ ಆ ಸದ್ದಿಗೇ ಹೋಯಿತು. ಹಾಡಿನ ಹೆಜ್ಜೆ ಯಾರದೆಂದು ಜನಕ್ಕೆ ಗೊತ್ತಾಗುತ್ತ ಬಂದದ್ದು ನನಗೆ ಕಂಡಿತು. ಚರ್ಮದ ಕೋಟಿನ ಒಬ್ಬ ಪಕ್ಕದವನ ತೋಳು ತಟ್ಟಿ ಮುಂದೆ ಕೈ ತೋರಿಸಿದ. ಯಾರೂ 'ರೆಡ್' ಎಂದು ಕೂಗಲಿಲ್ಲ. ಕಾಲು ಎಳೆಯಲಿಲ್ಲ. ಮಿಸ್ ಓರ್ಟೆನ್ಸ್ ಬಂದು ನನ್ನ ಇನ್ನೊಂದು ಪಕ್ಕದಲ್ಲಿ ಸೇರಿಕೊಂಡರು. ಪರದೆಯ ಕೆಳಗೆ ಕರವಸ್ತ್ರ ಹೋಯಿತು, ಬಹಳ ಹೊತ್ತು ಅಲ್ಲೇ ಇತ್ತು. ಆ ಕಡೆ ಅತ್ತೆಯೂ ಅಳುತ್ತಿದ್ದರು. ಇಬ್ಬರ ನಡುವೆ ನಾನು ಒಣಗಿದ ಮುಖ ಹೊತ್ತು ನಡೆದೆ.

ನೆಲದ ಮೇಲೆ ಕಟ್ಟಿದ ಗೋರಿಯ ಬಾಗಿಲು ಮುಚ್ಚಿದರು. ಹೊರಗೆ, ಗೇಟಿನ ಬಳಿ, ಡ್ರಮ್ಮಿನವನು ಕರವಸ್ತ್ರ ಎಳೆದು ತೆಗೆದ. ಇನ್ನು ವಾಡಿಕೆಯಂತೆ ಹೆಣವನ್ನು ಬಿಟ್ಟು ಬೀದಿಗೆ ಮರಳಬೇಕು, ಕುಣಿಯುತ್ತ. ಜನ ಕಾಯುತ್ತಿದ್ದರು. ಬ್ಯಾಂಡಿನ ಹಿರಿಯ ಟಿಬೊಡೊ ನನ್ನ ಹತ್ತಿರ ಬಂದ.

"ಏನ್ ಬಾರಿಸೋಣ ಮಿಸ್ ಲೂಸಿಲ್? ನೀವು ಹೇಳಿದ್ದು. ಹಳೇ ಹಾಡು ಬೇಕಾದ್ರೆ ಹಳೇದು."

ಮಿಸ್ ಓರ್ಟೆನ್ಸ್ ಕೈಯಳತೆಯಲ್ಲಿದ್ದರು. ಹಳೆಯದು ಎನ್ನಬೇಕಿತ್ತು. ಎಷ್ಟೋ ಒಳ್ಳೆಯ ಹಳೆಯ ಹಾಡುಗಳಿವೆ.

"ಅವನದ್ದು," ಅಂದೆ.

ಆಲ್ಸೀ ಹ್ಯಾಟನ್ನು ತಲೆಗೆ ಹಾಕಿಕೊಂಡ. ಡ್ರಮ್ಮು ಬಿಚ್ಚಿದ ಗಂಟಲಿನಿಂದ ಆ ಹೆಜ್ಜೆಯನ್ನು ಎತ್ತಿಕೊಂಡಿತು. ಬೀದಿ ಹೋ ಎಂದಿತು. ಕುಣಿಯುವವರ ಕೊಡೆಗಳು ತೆರೆದವು. ಆಲ್ಸೀ ಸೊಂಟದ ಮೇಲೆ ಕೈಯಿಟ್ಟು ಮುಂದೆ ಹೊರಟ. ಅವನ ಹಿಂದೆ ಚರ್ಮದ ಕೋಟಿನವರು, ಅತ್ತೆ ಕೂಡ, ಒದ್ದೆ ಮುಖ ಒರೆಸಿಕೊಳ್ಳದೆ.

ಮಿಸ್ ಓರ್ಟೆನ್ಸ್ ಕೊಡೆ ಬಿಚ್ಚಲಿಲ್ಲ. ಮುಖದ ಪರದೆ ಎತ್ತಿ ನನ್ನನ್ನು ನೋಡಿದರು. ಮುಖವನ್ನಲ್ಲ, ಅದಕ್ಕಿಂತ ಕೆಳಗೆ. ಅವರ ಕಣ್ಣು ಹೋದಲ್ಲಿಗೆ ನನ್ನ ಕಣ್ಣೂ ಹೋಯಿತು. ಕಪ್ಪು ಲಂಗದ ಅಂಚಿನಲ್ಲಿ ನನ್ನ ಬಲಗಾಲು ಹಾಡಿನ ತಾಳಕ್ಕೆ ಬೀಳುತ್ತಿತ್ತು. ಎಡಗಾಲು, ಕೂದಲೆಳೆಯಷ್ಟು ತಡವಾಗಿ, ನೆಲ ಸವರಿಕೊಂಡು ಬರುತ್ತಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.